ಡಬ್ಬಿಯ ನೆತ್ತಿಯ ಮೇಲಿನ ಹೆಸರು

ಮಾರ್ಚ್ 10, ಭಾನುವಾರ

ನಮ್ಮ ಪಾದ್ರಿ ಅಬೂನಾ ಬಿಶಾರಾ ಈ ನೋಟ್‌ಬುಕ್ ಕೊಟ್ಟು ಹದಿನೈದು ದಿನವಾಯಿತು. ಚರ್ಚಿಗೆ ಪಾಪ ಒಪ್ಪಿಕೊಳ್ಳಲು ಹೋದವಳು ನನ್ನ ಪಾಪಗಳನ್ನು ಬಿಟ್ಟು ದೇವರ ತಪ್ಪುಗಳನ್ನೇ ಅರ್ಧ ಗಂಟೆ ಹೇಳಿದೆನಂತೆ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. "ಫಿರ್ಯಾಲ್, ಇನ್ನು ಮೇಲೆ ಇದನ್ನೆಲ್ಲ ಬರೆದಿಡು. ದೇವರಿಗೆ ಓದೋಕೆ ಬರುತ್ತೆ" ಅಂದರು. ಪಾದ್ರಿಗಳಿಗೂ ಈಗೀಗ ನಾಲಿಗೆ ಚುರುಕಾಗಿದೆ.

ಬರೆಯುತ್ತೇನೆ, ಅದಕ್ಕೇನು. ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳ ಕೈಬರಹ ತಿದ್ದಿದವಳು ನಾನು.

ನಾಳೆಯಿಂದ ದೊಡ್ಡ ಉಪವಾಸ. ಐವತ್ತೈದು ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಏನೂ ಇಲ್ಲ. ಫ್ರಿಜ್ ಇವತ್ತೇ ಖಾಲಿಯಾಗಬೇಕು. ಫಾಯೆಜ್ ಮಧ್ಯಾಹ್ನ ಬಾತುಕೋಳಿ ತಿಂದ, ಸಂಜೆ ಉಳಿದ ಚೀಸನ್ನೆಲ್ಲ ಬಳಿದು ತಿಂದ, ಕೊನೆಗೆ ಒಂದು ಮೊಟ್ಟೆ ಅನಾಥವಾಗಿ ಉಳಿದಿದೆಯೆಂದು ಅದನ್ನೂ ಬೇಯಿಸಿಕೊಂಡ. ನನ್ನ ಗಂಡನ ಭಕ್ತಿ ಎದ್ದು ಕಾಣುವುದು ಉಪವಾಸದ ಹಿಂದಿನ ದಿನ. ಕೆಳಮನೆಯ ಹಾಜ್ಜಾ ಇನ್ಸಾಫ್‌ಗೂ ನಾಳೆಯಿಂದಲೇ ರಂಜಾನ್. ಮೆಟ್ಟಿಲ ಮೇಲೆ ಸಿಕ್ಕಿದಳು. "ಈ ಸಲ ಇಡೀ ಕಟ್ಟಡಕ್ಕೇ ಉಪವಾಸ, ಉಮ್ ನೆವೀನ್. ಪಾಪ, ಬೆಕ್ಕುಗಳ ಗತಿ ಏನೋ" ಅಂದಳು.

ಉಮ್ ನೆವೀನ್, ಅಂದರೆ ನೆವೀನಳ ತಾಯಿ. ಇಡೀ ಶುಬ್ರಾ ಬಡಾವಣೆಯಲ್ಲಿ ನನ್ನನ್ನು ಬೇರೆ ಹೆಸರಿನಿಂದ ಕರೆಯುವವರು ಗಂಡ ಮತ್ತು ಪಾದ್ರಿ ಇಬ್ಬರೇ.

ನೆವೀನ್ ಮಠ ಸೇರಿ ಮೂರು ವರ್ಷ. ಹೋದ ನವೆಂಬರಿನಲ್ಲಿ ಪೂರ್ತಿ ಸನ್ಯಾಸಿನಿಯಾದಳು. ಆ ದಿನ ಹುಡುಗಿಯನ್ನು ನೆಲದ ಮೇಲೆ ಮಲಗಿಸಿ, ಪರದೆ ಹೊದಿಸಿ, ಸತ್ತವರಿಗೆ ಓದುವ ಪ್ರಾರ್ಥನೆ ಓದುತ್ತಾರೆ. ಎದ್ದಾಗ ಹೊಸ ಹೆಸರು. ಫಾಯೆಜ್ ಒಬ್ಬನೇ ಹೋಗಿ ಬಂದ. ನಾನು ಹೋಗಲಿಲ್ಲ. ಇರುವ ಒಬ್ಬಳೇ ಮಗಳಿಗೆ ಸಾವಿನ ಪ್ರಾರ್ಥನೆ ಓದುವುದನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಬೇಕಿತ್ತೇ? ಅವರು ಕೊಟ್ಟ ಹೆಸರನ್ನು ಇವತ್ತಿನವರೆಗೆ ನನ್ನ ಬಾಯಿಗೆ ತಂದಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಸಾಲದ್ದಕ್ಕೆ ಸನ್ಯಾಸಿನಿಯರನ್ನೆಲ್ಲ 'ತಮಾವ್' ಎನ್ನಬೇಕು. ಚರ್ಚಿನ ಹಳೆಯ ಭಾಷೆಯಲ್ಲಿ ಅದಕ್ಕೆ 'ನನ್ನ ತಾಯಿ' ಎಂದರ್ಥ. ನಾನು ಹೆತ್ತು, ಮೂಗು ಒರೆಸಿ, ಕೈಹಿಡಿದು ಅಕ್ಷರ ಬರೆಸಿದವಳನ್ನು ನಾನೇ ನನ್ನ ತಾಯಿ ಎಂದು ಕರೆಯಬೇಕಂತೆ.

ಈಸ್ಟರ್ ಮುಗಿಯುವವರೆಗೆ ಮಠದ ಬಾಗಿಲು ಮುಚ್ಚಿರುತ್ತದೆ. ಯಾರೂ ಭೇಟಿಗೆ ಹೋಗುವಂತಿಲ್ಲ. ಅವಳ ಹತ್ತಿರ ಫೋನೂ ಇಲ್ಲ. ಅದಕ್ಕೇ ಹೋದ ವಾರ ಅಬೂನಾ ಕಾರಿನಲ್ಲಿ ಉಪವಾಸದ ಹಾಲು ಕಳಿಸಿದೆ. ನೀಲಿ ಡಬ್ಬಿಯ ಬಾದಾಮಿ ಹಾಲು, ಹನ್ನೆರಡು ಡಬ್ಬಿ. ಕಾಲೇಜಿನ ದಿನಗಳಿಂದ ಉಪವಾಸದಲ್ಲಿ ಅದಿಲ್ಲದೆ ಅವಳಿಗೆ ಚಹಾ ಇಳಿಯುತ್ತಿರಲಿಲ್ಲ. ಆದರೆ ಮಠಕ್ಕೆ ಕಳಿಸಿದ್ದೆಲ್ಲ ಉಗ್ರಾಣಕ್ಕೆ ಹೋಗುತ್ತದೆ, ಅಲ್ಲಿಂದ ಯಾರ ಲೋಟಕ್ಕೆ ಹೋಗುತ್ತದೋ ಗೊತ್ತಾಗುವುದಿಲ್ಲ. ನಾನೇನು ದಡ್ಡಿಯೇ? ಒಂದೊಂದು ಡಬ್ಬಿಯ ನೆತ್ತಿಯ ಮೇಲೂ ದಪ್ಪ ಕಪ್ಪು ಮಾರ್ಕರಿನಲ್ಲಿ 'ನೆವೀನ್' ಎಂದು ಬರೆದೆ. ನೆತ್ತಿ ತುಂಬ, ಮುದ್ದಾಗಿ ಬರೆದೆ. ಇನ್ನೊಬ್ಬರು ಕುಡಿಯಲಿ ನೋಡೋಣ.

ಮಾರ್ಚ್ 14, ಗುರುವಾರ

ಬೇಯಿಸಿದ ಕಾಳು, ಎಣ್ಣೆ, ನಿಂಬೆ. ನಾಲ್ಕನೆಯ ದಿನಕ್ಕೇ ಫಾಯೆಜ್ ಈಸ್ಟರಿಗೆ ಎಷ್ಟು ದಿನ ಉಳಿಯಿತೆಂದು ಕೇಳಿದ.

ಬೆಳಗಿನ ಚಹಾಕ್ಕೆ ಬಾದಾಮಿ ಹಾಲು ಹಾಕುವುದನ್ನು ನಮಗೆ ಕಲಿಸಿದವಳೇ ನೆವೀನ್. ಮೊದಲ ಸಲ ಕುಡಿದು ಇದು ಗೋಡೆಗೆ ಬಳಿಯುವ ಸುಣ್ಣ ಎಂದಿದ್ದೆ. ಈಗ ಅದಿಲ್ಲದೆ ಆಗುವುದಿಲ್ಲ. ಇವತ್ತು ಮೂರು ಲೋಟ ಇಟ್ಟುಬಿಟ್ಟೆ. ಮೂರನೆಯದನ್ನು ನಾನೇ ಕುಡಿದೆ.

ಮಾರ್ಚ್ 19, ಮಂಗಳವಾರ

ಮಧ್ಯಾಹ್ನ ಇನ್ಸಾಫ್ ಫೋನು ಹಿಡಿದುಕೊಂಡು ಮೇಲೆ ಬಂದಳು. ನೀಲಿ ಡಬ್ಬಿಯ ಬಾದಾಮಿ ಹಾಲನ್ನು ಕಂಪನಿಯವರು ವಾಪಸ್ ಕರೆಸಿಕೊಳ್ಳುತ್ತಿದ್ದಾರಂತೆ. ಯಾವುದೋ ರೋಗಾಣು ಸೇರಿದೆಯಂತೆ. ಕುಡಿದವರಿಗೆ ಜ್ವರ, ವಾಂತಿ ಬರಬಹುದು, ವಯಸ್ಸಾದವರಿಗೂ ನಿಶ್ಶಕ್ತರಿಗೂ ಜೀವಕ್ಕೇ ಅಪಾಯ ಎಂದು ಬರೆದಿತ್ತು. ಎಲ್ಲ ಡಬ್ಬಿಗಳೂ ಕೆಟ್ಟಿಲ್ಲ. ನೆತ್ತಿಯ ಮೇಲೆ ಅಚ್ಚಾಗಿರುವ ನಂಬರು 31, 32 ಅಥವಾ 33ರಲ್ಲಿ ಮುಗಿದರೆ ಮಾತ್ರ ಕುಡಿಯಬಾರದು.

ಮನೆಯಲ್ಲಿ ಎರಡಿದ್ದವು. ಒಂದು ಫ್ರಿಜ್ಜಿನ ಬಾಗಿಲಿನಲ್ಲಿ ಅರ್ಧ ಖಾಲಿಯಾಗಿ, ಒಂದು ಕಪಾಟಿನಲ್ಲಿ. ಆ ನಂಬರನ್ನು ಇರುವೆಗಳು ಓದಲೆಂದು ಅಚ್ಚು ಹಾಕಿದ್ದಾರೆ. ಫಾಯೆಜ್ ತನ್ನ ಕನ್ನಡಕದ ಅಂಗಡಿಯಿಂದ ಭೂತಗನ್ನಡಿ ತಂದ. ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ತೆರೆದದ್ದು ಮೂವತ್ತೆರಡು. ತೆರೆಯದ್ದೂ ಮೂವತ್ತೆರಡು.

ಓದಿದ ಕೂಡಲೇ ಹೊಟ್ಟೆ ಹಿಡಿದುಕೊಂಡ. ಬೆಳಿಗ್ಗೆಯಿಂದಲೇ ತನಗೆ ಒಳಗೆ ಏನೋ ಆಗುತ್ತಿತ್ತು ಅಂದ. ರಾತ್ರಿ ತಿಂದ ನಾಲ್ಕು ಹಸಿ ಈರುಳ್ಳಿ ಆಗುತ್ತಿರಬೇಕು ಅಂದೆ. ಇನ್ಸಾಫ್ ನಕ್ಕಳು. ನಾನೂ ನಗುತ್ತಿದ್ದೆ, ಆಗ ಮಠದ ಹನ್ನೆರಡು ಡಬ್ಬಿಗಳು ನೆನಪಾದವು. ಅವನ್ನು ನಾನು ಸಗಟು ಅಂಗಡಿಯಿಂದ ತಂದಿದ್ದೆ, ಈ ಎರಡನ್ನು ಫಾಯೆಜ್ ಬೀದಿಯ ತುದಿಯ ಅಂಗಡಿಯಿಂದ. ಅವುಗಳ ನಂಬರು ಏನಿತ್ತೋ ನೋಡಿದವರಾರು? ನೆವೀನ್‌ ಹದಿನಾಲ್ಕನೆಯ ವಯಸ್ಸಿನಲ್ಲಿ ಕಾಮಾಲೆ ಬಂದು ಆರು ತಿಂಗಳು ಮಲಗಿದ್ದಳು. ಅವಳ ಹೊಟ್ಟೆ ಇಂಥದ್ದನ್ನು ತಡೆಯುವುದಿಲ್ಲ.

ಹಾಲನ್ನಾದರೆ ನಂಬರು ನೋಡಿ ವಾಪಸ್ ಕರೆಸಿಕೊಳ್ಳುತ್ತಾರೆ. ಮಗಳನ್ನು ಕರೆಸಿಕೊಳ್ಳುವ ಭಾಗ್ಯ ನನಗಿಲ್ಲ.

ನಾಳೆ ಬೆಳಿಗ್ಗೆಯೇ ಮಠಕ್ಕೆ ಫೋನು ಮಾಡಬೇಕು. ಭೇಟಿಗೆ ಬಾಗಿಲು ಮುಚ್ಚಿದ್ದರೇನು, ಇಂಥ ವಿಷಯಕ್ಕೆ ಮಾಡಲೇಬೇಕಲ್ಲ. ಸಂಜೆ ಬದನೆಕಾಯಿ ಹೆಚ್ಚುತ್ತ ಹಾಡಿಕೊಳ್ಳುತ್ತಿದ್ದೆನೆಂದು ಫಾಯೆಜ್ ಹೇಳಿದ. ನನಗೆ ನೆನಪಿಲ್ಲ.

ಮಾರ್ಚ್ 20, ಬುಧವಾರ

ಹನ್ನೊಂದನೆಯ ಸಲಕ್ಕೆ ಮಠದಲ್ಲಿ ಫೋನು ಎತ್ತಿದರು. ಬಾಗಿಲು ಕಾಯುವ ತಮಾವ್, ವಯಸ್ಸಾದ ದನಿ, ದಕ್ಷಿಣದ ಹಳ್ಳಿಯ ಮಾತು. ಶುಬ್ರಾದಿಂದ ಹಾಲು ಕಳಿಸಿದವಳು ಎಂದಷ್ಟೇ ಹೇಳಿದೆ. ವಿಷಯವನ್ನೆಲ್ಲ ನಿಧಾನವಾಗಿ ಬರೆದುಕೊಂಡರು. ಡಬ್ಬಿಗಳು ಉಗ್ರಾಣದಲ್ಲಿರಬೇಕು, ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಕೊಡುವುದಿಲ್ಲ, ನಾಳೆ ಇದೇ ಹೊತ್ತಿಗೆ ಮಾಡು ಮಗಳೇ ಅಂದರು. ಅರವತ್ಮೂರು ವರ್ಷದವಳು ನಾನು. ಎಷ್ಟು ಕಾಲದ ಮೇಲೆ ಒಬ್ಬರು ಮಗಳೇ ಅಂದರು.

ಅವರು ಬರೆದುಕೊಳ್ಳುವಾಗ ಆ ಕಡೆಯ ಸದ್ದು ಕೇಳುತ್ತಿತ್ತು. ಯಾರೋ ಬಕೆಟ್ ಕೆಳಗಿಟ್ಟರು. ಯಾರದೋ ಚಪ್ಪಲಿ ಸರಸರ ದಾಟಿಹೋಯಿತು. ನೆವೀನ್ ಕಾಲೆಳೆದು ನಡೆಯುವವಳು, ಅದಕ್ಕಾಗಿ ನನ್ನಿಂದ ಬೈಸಿಕೊಂಡವಳು. ಆ ಚಪ್ಪಲಿ ಅವಳದಿರಬಹುದು.

ಮಾರ್ಚ್ 21, ಗುರುವಾರ

ನಮ್ಮಲ್ಲಿ ಇವತ್ತು ತಾಯಂದಿರ ದಿನ. ಹಳೆಯ ವಿದ್ಯಾರ್ಥಿನಿಯರು ಮೂವರು ಹೂವಿನ ಚಿತ್ರ ಕಳಿಸಿದರು. ನೆವೀನ್ ಪ್ರತಿ ವರ್ಷ ಈ ದಿನ ನನ್ನನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಅಡುಗೆಮನೆ ಯುದ್ಧ ಮುಗಿದ ಬಯಲಿನಂತಿರುತ್ತಿತ್ತು, ತೊಳೆಯುವುದು ನಾನೇ.

ಹೇಳಿದ ಹೊತ್ತಿಗೆ ಮಾಡಿದೆ. ಬಾಗಿಲ ತಮಾವ್ ಒಂದೇ ಸಲಕ್ಕೆ ಎತ್ತಿದರು.

"ನೋಡಿದೆ ಮಗಳೇ. ನಂಬರು ಕಾಣಲ್ಲ. ಎಲ್ಲದರ ತಲೆ ಮೇಲೂ ಯಾರೋ ಮಸಿ ಬಳಿದುಬಿಟ್ಟಿದಾರೆ."

ಮಸಿಯಂತೆ! ನನ್ನ ಅಕ್ಷರ! ಅದು ಮಸಿಯಲ್ಲ, ಹೆಸರು, ಬರೆದವಳು ನಾನೇ ಅಂದೆ. ನಂಬರು ಎಲ್ಲಿರುತ್ತದೆಂದು ಬರೆಯುವಾಗ ಯಾರಿಗೆ ಗೊತ್ತಿತ್ತು? ಅವರು ಕಾಗದ ಸರಿಸಿದ ಸದ್ದು ಕೇಳಿಸಿತು.

"ಹೂಂ, ನೆವೀನ್ ಅಂತ ಓದಿದೆ. ಆದರೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲವಲ್ಲ, ಮಗಳೇ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತಪ್ಪು ವಿಳಾಸಕ್ಕೆ ಬಂದ ಅಂಚೆಯವನಿಗೆ ಹೇಳುವಂತೆ ಹೇಳಿದರು. ಆಮೇಲೆ, ನಂಬರು ಗೊತ್ತಾಗದಿದ್ದರೆ ಎಲ್ಲ ಚೆಲ್ಲಿಬಿಡಲೇ ಎಂದು ಕೇಳಿದರು. ಬೇಡ, ಪಕ್ಕಕ್ಕಿಟ್ಟಿರಿ, ಅಂಗಡಿಯವರನ್ನು ಕೇಳಿ ತಿಳಿಸುತ್ತೇನೆ ಅಂದೆ.

ಆ ಹೆಸರಿನವರು ಯಾರೂ ಇಲ್ಲ. ಹಾಗಾದರೆ ನಾನು ಯಾರ ತಾಯಿ?

ಮಾರ್ಚ್ 22, ಶುಕ್ರವಾರ

ಕಾಳು ಬೇಯಿಸಿದೆ. ತಿಂದೆವು.

ಮಾರ್ಚ್ 24, ಭಾನುವಾರ

ಚರ್ಚಿನಿಂದ ಬಂದ ಮೇಲೆ ಫೋನು ಮಾಡಿದೆ. ನಿನ್ನೆಯೂ ಮಾಡಿದ್ದೆ. ಅಂಗಡಿಯವರು ಇನ್ನೂ ಹೇಳಿಲ್ಲ, ನಾಳೆ ಹೇಳುತ್ತಾರೆ ಅಂದೆ. ಬಾಗಿಲ ತಮಾವ್ ಪಾಪ, ನಂಬುತ್ತಾರೆ. ಹಾಗೇ ಮಾತಿಗೆ ಮಾತು ಬಂತು. ಮಠದ ಬೆಕ್ಕು ಐದು ಮರಿ ಹಾಕಿದೆಯಂತೆ. ಬೆಳಿಗ್ಗೆ ಮರಳುಗಾಳಿ ಬೀಸಿ ಅಂಗಳವೆಲ್ಲ ಹಳದಿಯಾಗಿತ್ತಂತೆ. ಅಲ್ಲಿ ರೊಟ್ಟಿ ಬೇಯಿಸುವುದು ಬುಧವಾರ ಮತ್ತು ಶನಿವಾರ. ಇವೆಲ್ಲ ನೆವೀನ್ ದಿನಾ ಕಾಣುವ ಸಂಗತಿಗಳು. ಬೆಕ್ಕಿನ ಬಣ್ಣವನ್ನೂ ಕೇಳಿಕೊಂಡೆ. ಕಂದು ಮತ್ತು ಬಿಳಿ.

ದೇವರಿಗೆ ಓದಲು ಬರುತ್ತದಂತೆ, ಆದ್ದರಿಂದ ಇಲ್ಲಿ ಸುಳ್ಳು ಬರೆಯುವುದಿಲ್ಲ. ನಾನು ಅಂಗಡಿಗೆ ಹೋಗೇ ಇಲ್ಲ. 'ಎಲ್ಲ ಚೆಲ್ಲಿಬಿಡಿ' ಎಂಬ ಎರಡು ಮಾತಿಗೆ ಈ ವಿಷಯ ಮುಗಿದುಹೋಗುತ್ತದೆ. ಮುಗಿದ ಮೇಲೆ ಈಸ್ಟರಿನವರೆಗೆ ನಾನು ಅಲ್ಲಿಗೆ ಫೋನು ಮಾಡಲು ಏನು ನೆಪ? ಮಂಗಳವಾರ ಫಾಯೆಜ್ ಮೂವತ್ತೆರಡು ಎಂದು ಓದಿದಾಗ ನನಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ಆ ಹನ್ನೆರಡೂ ಕೆಟ್ಟಿರಲಿ ಎಂದುಕೊಂಡೆ. ತಾಯಿಯಾದವಳು ಹಾಗೆ ಅಂದುಕೊಂಡೆ. ಅವಳ ದನಿ ಬೇಕು ನನಗೆ. ದನಿ ಬೇಡ, ಚಪ್ಪಲಿ ಸದ್ದಾದರೂ ಸಾಕು.

ಡಬ್ಬಿಗಳನ್ನು ಪಕ್ಕಕ್ಕಿಟ್ಟಿದ್ದಾರಲ್ಲ, ಯಾರೂ ಕುಡಿಯುವುದಿಲ್ಲ. ಯಾರಿಗೂ ಏನೂ ಆಗುವುದಿಲ್ಲ.

ಮಾರ್ಚ್ 25, ಸೋಮವಾರ

ಫಾಯೆಜ್ ನನಗೆ ಹೇಳದೆ ಸಗಟು ಅಂಗಡಿಗೆ ಹೋಗಿ ಬಂದಿದ್ದಾನೆ. ಅವರು ಮೊದಲ ದಿನದಿಂದಲೂ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಾರಂತೆ: ನಂಬರು ಕಾಣದಿದ್ದರೆ ಚೆಲ್ಲಿ. ನನ್ನನ್ನು ಅಲ್ಲಿ ಯಾರೂ ನೋಡಿಲ್ಲವೆಂದೂ ಹೇಳಿದರಂತೆ.

ಮದುವೆಯಾದ ಮೂವತ್ತೈದು ವರ್ಷದಲ್ಲಿ ಅವನು ನನಗೆ ದನಿ ಏರಿಸಿದ್ದು ಎಣಿಸಿದರೆ ಒಂದು ಕೈ ಸಾಕು. ಇವತ್ತೂ ಏರಿಸಲಿಲ್ಲ. ಅಂಗಿಯ ಗುಂಡಿ ಬಿಚ್ಚುತ್ತ ಕೇಳಿದ:

"ಬೇರೆಯವರ ಹೊಟ್ಟೆ ಮೇಲೆ ನಿನ್ನ ಫೋನು ನಡೀತಾ ಇದೆಯಾ, ಫಿರ್ಯಾಲ್?"

ಅವರು ಕುಡಿಯುವುದಿಲ್ಲ, ಎತ್ತಿಟ್ಟಿದ್ದಾರೆ ಅಂದೆ.

"ನಲವತ್ತು ಜನ ಹೆಂಗಸರಿರೋ ಮನೆ. ಅದರಲ್ಲಿ ಅರ್ಧ ಮುದುಕಿಯರು. ಯಾರೋ ಒಬ್ಬರು ಗೊತ್ತಿಲ್ದೆ ಒಂದು ತೆಗೆದರೆ?" ಅಂದ. ಬಿಚ್ಚಿದ ಅಂಗಿಯನ್ನು ಗೂಟಕ್ಕೆ ಹಾಕಿ, "ನನಗೂ ಅವಳು ಬೇಕು" ಅಂದ.

ಅವನೆದುರೇ ಫೋನು ಮಾಡಿದೆ. ಹನ್ನೆರಡೂ ಚೆಲ್ಲಿಬಿಡಿ ಅಂದೆ. ಬಾಗಿಲ ತಮಾವ್ ಲೆಕ್ಕ ತಪ್ಪಿರಬೇಕು ಅಂದರು. ಅಲ್ಲಿರುವುದು ಹನ್ನೊಂದು. ನಾನು ಹನ್ನೆರಡು ಕಳಿಸಿದ್ದೇನೆ, ಒಂದೊಂದರ ಮೇಲೂ ಬರೆದವಳು ನಾನು, ನನಗೆ ಗೊತ್ತಿಲ್ಲವೇ? ಅವರು ಉಗ್ರಾಣದವರನ್ನು ಕೇಳಲು ಹೋಗಿ ಬಂದರು. ಬಂದ ದಿನದಿಂದಲೂ ಹನ್ನೊಂದೇ ಇದ್ದದ್ದಂತೆ. ಹನ್ನೆರಡನೆಯದು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಅದನ್ನು ಹೇಳಿದ ಉಸಿರಿನಲ್ಲೇ, ಅಸ್ವಸ್ಥರ ಕೋಣೆಯಲ್ಲಿ ಇಬ್ಬರು ಜ್ವರದಿಂದ ಮಲಗಿದ್ದಾರೆಂದರು. ಯಾರು ಎಂದು ಕೇಳಿದೆ. ಮಠದ ಒಳಗಿನ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ, ಪ್ರಾರ್ಥನೆ ಮಾಡು ಮಗಳೇ ಅಂದರು.

ಹೊರಗಿನವರು. ನಾನು.

ಮಾರ್ಚ್ 26, ಮಂಗಳವಾರ

ಇವತ್ತು ಅಕ್ಷರ ನೆಟ್ಟಗಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಗೊತ್ತಾಗಿತ್ತು, ಆ ಡಬ್ಬಿ ಕುಡಿದವಳು ಅವಳೇ. ನೆತ್ತಿಯ ಮೇಲೆ ಅವಳ ಹೆಸರಿತ್ತಲ್ಲ. ಇನ್ನೊಬ್ಬರು ಮುಟ್ಟದಿರಲಿ ಎಂದು ನಾನೇ ಬರೆದಿದ್ದೆನಲ್ಲ. ಮುಟ್ಟಿದವರು ಯಾರೂ ಇರಲಿಕ್ಕಿಲ್ಲ, ಅವಳ ಹೊರತು.

ಅಬೂನಾ ಊರಿನಲ್ಲಿಲ್ಲ. ಫಾಯೆಜ್ ಮಠದವರೆಗೆ ಹೋಗಿ ಬಾಗಿಲು ಬಡಿಯುತ್ತೇನೆಂದು ಹೊರಟ. ಕಾರು ಸರಿಯಿಲ್ಲ, ಟ್ಯಾಕ್ಸಿಯವನು ಬರುತ್ತೇನೆಂದು ಬರಲಿಲ್ಲ. ನಾನು ಕೆಳಗೆ ಇನ್ಸಾಫ್ ಮನೆಗೆ ಹೋಗಿ ಅವಳ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತೆ. ಅವಳು ಸಂಜೆಯ ಊಟಕ್ಕೆ ದ್ರಾಕ್ಷಿ ಎಲೆಯಲ್ಲಿ ಅನ್ನ ತುಂಬಿ ಸುತ್ತುತ್ತಿದ್ದಳು. ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಒಂದು ವಾರದಿಂದ ಹಾಲಿನ ಕ್ಷೇಮ ಕೇಳ್ತಾ ಇದೀಯ, ಉಮ್ ನೆವೀನ್. ಹುಡುಗಿ ಕ್ಷೇಮ ಕೇಳೋದು ಯಾವಾಗ?"

ಏನೆಂದು ಕೇಳಲಿ, ಆ ಹೆಸರಿನವರು ಇಲ್ಲ ಅನ್ನುತ್ತಾರಲ್ಲ ಅಂದೆ. ಇರುವ ಹೆಸರಿನಿಂದ ಕೇಳು ಅಂದಳು. ಅದು ನನಗೆ ಆಗುವುದಿಲ್ಲ ಅಂದೆ.

"ನನ್ನ ಮೊಮ್ಮಗನಿಗೆ ಸೊಸೆ ಇಟ್ಟ ಹೆಸರು ನನಗೂ ಆಗಲ್ಲ. ಯಾವುದೋ ಸಾಬೂನಿನ ಹೆಸರಿದ್ದಂಗಿದೆ. ಆದರೆ ಕರೆದರೆ ಓಡಿ ಬರ್ತಾನೆ ನೋಡು, ಅಷ್ಟು ಸಾಕು ನನಗೆ."

ಎಲೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ತನ್ನ ಫೋನನ್ನು ನನ್ನ ಮುಂದಿಟ್ಟಳು.

ಬಾಗಿಲ ತಮಾವ್ ಎತ್ತಿದರು. ಮೊದಲ ಸಲ ಹೇಳಿದಾಗ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಹೇಳಿದೆ. "ತಮಾವ್ ಯೂಸ್ತೀನಾ… ಜ್ವರ ಬಂದಿರೋದು ಅವರಿಗಾ?"

"ನೀನು ಅವರಿಗೇನಾಗಬೇಕು?"

"ತಾಯಿ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಇದನ್ನ ಮೊದಲನೇ ದಿನಾನೇ ಹೇಳಬಾರದಿತ್ತಾ, ಮಗಳೇ? ದಿನಾ ಬೆಕ್ಕಿನ ಬಣ್ಣ ಕೇಳಿದೆಯಲ್ಲ," ಅಂದರು. "ಅವರು ಚೆನ್ನಾಗಿದಾರೆ. ಜ್ವರದವರನ್ನ ನೋಡಿಕೊಳ್ತಿರೋದೇ ಅವರು. ಔಷಧಿ ಓದಿದವರಲ್ಲವಾ."

ನಾನು ಇನ್ಸಾಫ್‌ಳ ಮೇಜಿನ ಮೇಲೆ ತಲೆಯಿಟ್ಟೆ. ಜ್ವರ ಬಂದ ಇಬ್ಬರೂ ಮುದುಕಿಯರು, ಅವರಿಗೆ ಬಂದದ್ದು ಶೀತದ ಜ್ವರ, ಈಗ ಇಳಿಯುತ್ತಿದೆ ಎಂದು ಅವರು ಹೇಳುತ್ತಿದ್ದದ್ದು ದೂರದಿಂದ ಕೇಳಿಸಿತು. ಕಳೆದ ಡಬ್ಬಿಯ ವಿಷಯ ಮಠದ ದೊಡ್ಡ ತಮಾವ್‌ಗೆ ತಿಳಿಸುತ್ತೇನೆ ಅಂದರು. ಇನ್ಸಾಫ್ ಮತ್ತೆ ಎಲೆ ಸುತ್ತತೊಡಗಿದಳು. ನಾನೂ ಕೂತು ಇಪ್ಪತ್ತು ಸುತ್ತಿದೆ. ಅನ್ನದಲ್ಲಿ ತುಪ್ಪವಿತ್ತು, ರುಚಿ ನೋಡುವಂತಿರಲಿಲ್ಲ.

ಮಾರ್ಚ್ 28, ಗುರುವಾರ

ಸಂಜೆ ನಾಲ್ಕು ಗಂಟೆ. ಬದನೆಕಾಯಿ ಕರಿಯುತ್ತಿದ್ದೆ. ಮನೆಯ ಫೋನು ಹೊಡೆದುಕೊಂಡಿತು. ಎತ್ತಿದೆ.

"ಅಮ್ಮ."

ನನಗೆ ಕೂರಲು ಕುರ್ಚಿ ಸಿಗಲಿಲ್ಲ, ನೆಲದ ಮೇಲೆ ಕೂತೆ. ದನಿ ಅದೇ. ಸ್ವಲ್ಪ ಒಣಗಿದೆ, ಅದೇ.

ಜಾಸ್ತಿ ಹೊತ್ತಿಲ್ಲ ಅಂದಳು. ದೊಡ್ಡ ತಮಾವ್ ಪಕ್ಕದಲ್ಲೇ ಇದ್ದಾರೆ. ಹನ್ನೆರಡನೆಯ ಡಬ್ಬಿ ತನ್ನ ಕೋಣೆಯಲ್ಲಿತ್ತು. ಪೆಟ್ಟಿಗೆ ಬಂದ ದಿನ ಇಳಿಸಲು ಹೋದವರಲ್ಲಿ ತಾನೂ ಒಬ್ಬಳು. ಕೇಳದೆ ಒಂದು ಎತ್ತಿಕೊಂಡಿದ್ದಳು. ಮೊನ್ನೆ ಎಲ್ಲರನ್ನೂ ಕೇಳಿದಾಗ ಒಪ್ಪಿಕೊಂಡಳು.

"ಕುಡೀಲಿಲ್ಲ ಅಮ್ಮ. ತೆಗೆದೇ ಇಲ್ಲ. ನಿನ್ನ ಅಕ್ಷರ ಇತ್ತಲ್ಲ, ಇಟ್ಟುಕೊಂಡಿದ್ದೆ."

ಯಾವ ವಸ್ತುವೂ ತನ್ನದಲ್ಲವೆಂದು ಮಾತು ಕೊಟ್ಟವಳು. ದೊಡ್ಡ ತಮಾವ್ ಬೈಯಲಿಲ್ಲವಂತೆ. ಆದರೆ, ಹೆಸರನ್ನು ನೀನೇ ಒರೆಸಿ, ನಂಬರನ್ನು ನೀನೇ ನಿನ್ನ ತಾಯಿಗೆ ಓದಿ ಹೇಳು, ಆಕೆ ಹೇಳಿದ ಹಾಗೆ ಮಾಡು ಅಂದರಂತೆ. ಸ್ಪಿರಿಟ್ಟಿನ ಹತ್ತಿ ಹಿಡಿದುಕೊಂಡೇ ಮಾತಾಡುತ್ತಿದ್ದಾಳೆ.

"ತಡಿ ಅಮ್ಮ, ಒರೆಸ್ತಾ ಇದೀನಿ. ಜೋರಾಗಿ ಒರೆಸಿದರೆ ನಂಬರೂ ಹೋಗುತ್ತೆ."

ಕಾದೆ. ಹತ್ತಿ ಉಜ್ಜುವ ಸದ್ದು ಕೇಳಿಸುತ್ತಿತ್ತೋ, ನಾನೇ ಅಂದುಕೊಂಡೆನೋ. ಅಡುಗೆಮನೆಯಿಂದ ಸೀದ ವಾಸನೆ ಬಂತು. ಈ ನೋಟ್‌ಬುಕ್ ಫೋನಿನ ಕೆಳಗಿತ್ತು, ಎಳೆದುಕೊಂಡೆ. ಒಂದು ಅಕ್ಷರ ಅಳಿದಂತೆಲ್ಲ ಒಂದೆರಡು ಅಂಕಿ ಹೇಳಿದಳು. ನಾಲ್ಕು. ಸೊನ್ನೆ. ಏಳು. ಏಳು. ಒಂದು. ಮೂರು. ಕೊನೆಯ ಅಕ್ಷರ ಒರೆಸಲು ತುಂಬ ಹೊತ್ತು ತೆಗೆದುಕೊಂಡಳು. ಆಮೇಲೆ, ಎರಡು.

4 0 7 7 1 3 2

ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಓದು ಅಂದೆ. ಓದಿದಳು. ಮತ್ತೊಂದು ಸಲ ಅಂದೆ. ನನಗೆ ಕಿವಿ ಚೆನ್ನಾಗಿ ಕೇಳುತ್ತದೆಂದು ಅವಳಿಗೆ ಗೊತ್ತು. ಮೂರನೆಯ ಸಲ ಒಂದೊಂದು ಅಂಕಿಯನ್ನೂ ಬಿಡಿಸಿ ಬಿಡಿಸಿ, ಮಗುವಿಗೆ ಹೇಳಿಕೊಡುವಂತೆ ಓದಿದಳು.

ಮೂವತ್ತೆರಡು. ಪಟ್ಟಿಯಲ್ಲಿದೆ. ಪಟ್ಟಿ ನನ್ನ ಹತ್ತಿರವಿತ್ತು, ಬಾಗಿಲ ತಮಾವ್ ಹತ್ತಿರವಿತ್ತು, ಅವಳ ಕೈಯಲ್ಲಿರಲಿಲ್ಲ. ಸರಿಯಿದೆ, ಇಟ್ಟುಕೋ ಎನ್ನಬಹುದಿತ್ತು. ಅವಳು ಕುಡಿಯುವವಳಲ್ಲ, ಇಟ್ಟುಕೊಳ್ಳುವವಳು. ಹೆಸರು ಅಳಿದರೂ ಡಬ್ಬಿ ನನ್ನ ಕೈಯಿಂದ ಹೋದದ್ದಲ್ಲವೇ. ನಾಲಿಗೆಯ ತುದಿಗೆ ಬಂದಿತ್ತು. ಆ ಜ್ವರದ ಮುದುಕಿಯರು ನೆನಪಾದರು. ಬಾಯಾರಿದವರಿಗೆ ಅವಳು ಅದನ್ನೇ ತೆಗೆದು ಕೊಟ್ಟುಬಿಡುವವಳು, ಚಿಕ್ಕಂದಿನಿಂದ ಹಾಗೇ.

"ಚೆಲ್ಲಿಬಿಡಿ, ತಮಾವ್ ಯೂಸ್ತೀನಾ," ಅಂದೆ. "ಡಬ್ಬಿನೂ ಇಟ್ಟುಕೋಬೇಡಿ."

ಮೂಗೆಳೆದ ಸದ್ದು ಕೇಳಿಸಿತು. ಹಿಂದೆಯೂ ಹೀಗೇ, ಕರವಸ್ತ್ರ ಕೊಟ್ಟರೂ ಬಳಸುತ್ತಿರಲಿಲ್ಲ.

"ಆಯ್ತಮ್ಮ. ನಿನ್ನ ಬಾಯಲ್ಲಿ ಈ ಹೆಸರು ಕೇಳಿದೆ, ಸಾಕು," ಅಂದಳು. ಫೋನು ಇಟ್ಟರು.

ಬದನೆಕಾಯಿ ಕರಿಕಲಾಗಿತ್ತು. ಫಾಯೆಜ್ ಬಂದಾಗ ನಾನಿನ್ನೂ ನೆಲದ ಮೇಲೇ ಇದ್ದೆ. ನೋಟ್‌ಬುಕ್ಕಿನಲ್ಲಿ ನಂಬರು ನೋಡಿದ. ಕರಿಕಲನ್ನೇ ರೊಟ್ಟಿಯ ಜೊತೆ ಪೂರ್ತಿ ತಿಂದ.

ಏಪ್ರಿಲ್ 3, ಬುಧವಾರ

ಮಠದಲ್ಲಿ ಇವತ್ತು ರೊಟ್ಟಿ ಬೇಯಿಸುವ ದಿನ. ಇಲ್ಲಿ ಗಾಳಿ. ಪರದೆ ಒಗೆದೆ, ಒಣಗುವ ಮೊದಲೇ ಧೂಳಾಯಿತು. ಫಾಯೆಜ್ ನವೆಂಬರಿನ ಆ ದಿನದ್ದನ್ನು ಹೇಳುತ್ತಿದ್ದ, ನಾನು ಕೇಳಿದ್ದಕ್ಕೆ. ಪರದೆ ತೆಗೆದಾಗ ಅವಳು ನಕ್ಕಳಂತೆ. ಬಾಗಿಲ ಕಡೆ ನೋಡಿದಳಂತೆ, ಯಾರಾದರೂ ಬಂದಿದ್ದಾರೋ ಎಂದು.

ಏಪ್ರಿಲ್ 10, ಬುಧವಾರ

ಇನ್ಸಾಫ್‌ಗೆ ಇವತ್ತು ಹಬ್ಬ. ಸಕ್ಕರೆ ಪುಡಿ ಉದುರಿಸಿದ ತುಪ್ಪದ ಬಿಸ್ಕತ್ತು ತಂದಳು. ಅವಳ ಉಪವಾಸ ಮುಗಿಯಿತು, ನಮಗಿನ್ನೂ ಇಪ್ಪತ್ತೈದು ದಿನ. ಫಾಯೆಜ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ ಮುಚ್ಚಿದ. ಮೂಸುವುದಕ್ಕೆ ನಿಷೇಧವಿಲ್ಲವಂತೆ.

ಇನ್ಸಾಫ್ ಬಾಗಿಲಲ್ಲೇ ನಿಂತು, ಇನ್ನು ಮೇಲೆ ನನ್ನನ್ನು ಏನೆಂದು ಕರೆಯಬೇಕು, ಆ ಹೊಸ ಹೆಸರು ತನ್ನ ನಾಲಿಗೆಗೆ ಸುಲಭಕ್ಕೆ ತಿರುಗುವುದಿಲ್ಲ ಅಂದಳು. ಈವರೆಗೆ ಕರೆದ ಹಾಗೇ ಕರಿ ಅಂದೆ. ಆ ಹೆಸರು ಮಠದಲ್ಲಿ ಯಾರಿಗೂ ಬೇಡ, ನನ್ನ ಹತ್ತಿರ ಇರಲಿ.

ಶುಕ್ರವಾರ ಅಬೂನಾ ಮಠಕ್ಕೆ ಸಾಮಾನು ಒಯ್ಯುತ್ತಾರೆ. ಮತ್ತೆ ಹನ್ನೆರಡು ಡಬ್ಬಿ ಹಾಲು ತಂದೆ, ಬೇರೆ ಕಂಪನಿಯದು, ಹಸಿರು ಡಬ್ಬಿ. ಕಿಟಕಿಯ ಹತ್ತಿರ ಕೂತು ಭೂತಗನ್ನಡಿಯಲ್ಲಿ ಹನ್ನೆರಡೂ ನಂಬರು ಓದಿದೆ. ಇದನ್ನು ಯಾರೂ ವಾಪಸ್ ಕರೆದಿಲ್ಲ. ಬಾಗಿಲ ತಮಾವ್ ಒಂದು ಲೋಟ ಕುಡಿಯಲಿ, ಆ ಜ್ವರದ ಮುದುಕಿಯರು ಕುಡಿಯಲಿ, ಅವರ ಬೆಕ್ಕು ಬೇಕಾದರೂ ಕುಡಿಯಲಿ. ಉಳಿದರೆ ಯೂಸ್ತೀನಾಗೂ ಚಹಾಕ್ಕೆ ಆದೀತು.

ಅಭ್ಯಾಸಬಲದಿಂದ ಮಾರ್ಕರಿನ ಮುಚ್ಚಳ ತೆಗೆದಿದ್ದೆ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಆಮೇಲೆ ಮುಚ್ಚಿ ಫಾಯೆಜ್‌ಗೆ ಕೊಟ್ಟೆ, ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. ನೆತ್ತಿಯ ಮೇಲೆ ಏನೂ ಬರೆಯಲಿಲ್ಲ. ನಂಬರು ಕಾಣಬೇಕಲ್ಲ.